ಮನೆ ಕಟ್ಟುವ ಮೊದಲು ನೀರಿನ ಲೆಕ್ಕ ಹಾಕಿದ ಸರ್ ಎಂ. ವಿಶ್ವೇಶ್ವರಯ್ಯನವರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಕನ್ನಂಬಾಡಿ ಕಟ್ಟೆ ಎಂದೊಡನೆ ಅವರ ನೆನಪು ಬರುತ್ತದೆ. ಜರಿ ಅಂಚಿನ ಪೇಟ, ಗುಂಡಿ ಹಾಕಿದ ಕೋಟು ಮತ್ತು ತೀಕ್ಷ್ಣ ದೃಷ್ಟಿಯ ಆ ಚಿತ್ರ ಅನೇಕ ಶಾಲೆಗಳ ಗೋಡೆಯ ಮೇಲಿದೆ. ಆದರೆ ಆ ಮಹನೀಯರು ನಮ್ಮ ಸೀಮೆಗೂ ಬಂದು ದುಡಿದವರು ಎಂಬ ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಮೈಸೂರಿನ ಮುಖ್ಯ ಇಂಜಿನಿಯರ್ ಆಗುವುದಕ್ಕೂ ಮೊದಲೇ ಅವರು ಹೈದರಾಬಾದ್ ನಗರವನ್ನು ಪ್ರವಾಹದಿಂದ ರಕ್ಷಿಸುವ ಮತ್ತು ಅದಕ್ಕೆ ಒಳಚರಂಡಿ ಹಾಕಿಸುವ ಯೋಜನೆಗಳನ್ನು ಸಿದ್ಧಪಡಿಸಿದರು. ಅವರು ಹಾಕಿದ ಆ ಲೆಕ್ಕ ಇಂದು ದೌಲತಾಬಾದ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳಲ್ಲಿ ಮನೆ ಕಟ್ಟಲು ಹೊರಟಿರುವ ನಮಗೂ ಬೇಕಾದ ಲೆಕ್ಕವಾಗಿದೆ. ಆದ್ದರಿಂದ ಅವರ ಜೀವನವನ್ನು ಈ ದೃಷ್ಟಿಯಿಂದ ನೋಡುವ ಒಂದು ಸಣ್ಣ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಅವರ ಪೂರ್ವಜರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ವಲಸೆ ಬಂದವರು. ಮನೆಯಲ್ಲಿ ತೆಲುಗು, ಊರಿನಲ್ಲಿ ಕನ್ನಡ. ಮನೆಯಲ್ಲೊಂದು ಬೀದಿಯಲ್ಲೊಂದು ಭಾಷೆ ಆಡುತ್ತ ಬೆಳೆಯುವ ನಮ್ಮ ಗಡಿಯ ಮಕ್ಕಳಿಗೆ ಇದರಲ್ಲಿ ಹೊಸತೇನೂ ಕಾಣದು. ಮುಂದೆ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಇವರು ದಿವಾನರಾಗಿದ್ದಾಗಲೇ, ಇವರ ಪ್ರೋತ್ಸಾಹದಿಂದಲೇ.

ಬಾಲಕ ವಿಶ್ವೇಶ್ವರಯ್ಯ ಇನ್ನೂ ಶಾಲೆಯಲ್ಲಿ ಓದುತ್ತಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನವಿತ್ತು. ಸೋದರಮಾವ ರಾಮಯ್ಯನವರ ಆಸರೆಯಿಂದ ಬೆಂಗಳೂರಿಗೆ ಹೋಗಿ ಓದು ಮುಂದುವರಿಸಿದರು. ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚಿಗೆ ದಾರಿ ಮಾಡಿಕೊಂಡರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಕಗೊಂಡರು.

ನೀರಿನ ಕೆಲಸದಲ್ಲಿ ಪಳಗಿದ್ದು

ಆ ಕಾಲದಲ್ಲಿ ಕಾಲರಾ, ವಿಷಮಶೀತ ಜ್ವರ ಮುಂತಾದ ರೋಗಗಳು ಊರಿಗೆ ಊರನ್ನೇ ನುಂಗುತ್ತಿದ್ದವು. ಕುಡಿಯುವ ನೀರಿಗೆ ಹೊಲಸು ಸೇರುವುದೇ ಅದಕ್ಕೆ ಕಾರಣವೆಂದು ವಿಜ್ಞಾನಿಗಳು ಕಂಡುಹಿಡಿದಿದ್ದರು. ಶುದ್ಧ ನೀರು ಒಳಗೆ ಬರಬೇಕು, ಹೊಲಸು ನೀರು ಹೊರಗೆ ಹೋಗಬೇಕು, ಎರಡೂ ಎಲ್ಲಿಯೂ ಕೂಡಬಾರದು. ನಗರ ನಿರ್ಮಾಣದ ಇಡೀ ಗುಟ್ಟು ಈ ಮೂರು ಮಾತಿನಲ್ಲಿದೆ. ಹೇಳುವುದು ಸುಲಭ, ಮಾಡುವುದು ಕಷ್ಟ.

ಸಿಂಧೂ ನದಿಯ ದಂಡೆಯ ಸುಕ್ಕೂರು ಪಟ್ಟಣದಲ್ಲಿ ವಿಶ್ವೇಶ್ವರಯ್ಯನವರಿಗೆ ಈ ಕಷ್ಟ ಎದುರಾಯಿತು. ಆ ಪಟ್ಟಣ ಈಗ ಪಾಕಿಸ್ತಾನದಲ್ಲಿದೆ. ಹೊಳೆಯ ನೀರು ಮಣ್ಣು ಕದಡಿ ಕೆಂಪಾಗಿರುತ್ತಿತ್ತು. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ಹಣವಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಹೊಳೆಯ ಪಾತ್ರದಲ್ಲಿಯೇ ಒಂದು ಬಾವಿಯನ್ನು ತೋಡಿಸಿದರು. ಮರಳಿನ ಮೂಲಕ ಇಳಿದು ಬರುವ ನೀರು ತಾನಾಗಿಯೇ ತಿಳಿಯಾಗಿ ಬಾವಿಗೆ ಸೇರಿತು. ಅಲ್ಲಿಂದ ಅದನ್ನು ಯಂತ್ರದಿಂದ ಮೇಲೆತ್ತಿ ಊರಿಗೆ ಹರಿಸಿದರು. ಬೇಸಿಗೆಯಲ್ಲಿ ನಮ್ಮ ಹಳ್ಳಗಳ ಮರಳಿನಲ್ಲಿ ಹೆಣ್ಣುಮಕ್ಕಳು ಒರತೆ ತೋಡಿ ಬಟ್ಟಲಿನಿಂದ ತಿಳಿನೀರು ತುಂಬಿಕೊಳ್ಳುವುದನ್ನು ಹಿರಿಯರು ನೋಡಿದ್ದಾರಲ್ಲವೇ? ಸುಕ್ಕೂರಿನ ಕೆಲಸದ ತತ್ತ್ವವೂ ಅದೇ. 1895ರ ಹೊತ್ತಿಗೆ ಆ ಪಟ್ಟಣಕ್ಕೆ ಶುದ್ಧ ನೀರು ದೊರೆಯಿತು.

ಆ ಮೇಲೆ ಅವರು ಸೂರತ್ತಿನ ನೀರು ಸರಬರಾಜನ್ನು ನೋಡಿಕೊಂಡರು. ಪುಣೆಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯವದು. ಮುಂಬಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರ್ ಆಗಿ ಅನೇಕ ಊರುಗಳ ನೀರು ಮತ್ತು ಚರಂಡಿ ಯೋಜನೆಗಳನ್ನು ಪರಿಶೀಲಿಸಿದರು. 1906ರಲ್ಲಿ ಅರಬ್ಬೀ ಕರಾವಳಿಯ ಏಡನ್ ನಗರಕ್ಕೂ ಹೋದರು. ಅದು ಮಳೆಯೇ ಅಪರೂಪವಾದ ಊರು. ಸಮುದ್ರದ ನೀರನ್ನು ಕುದಿಸಿ ಬಟ್ಟಿ ಇಳಿಸಿ ಕುಡಿಯುವ ಸ್ಥಿತಿ ಅಲ್ಲಿತ್ತು. ಅವರು ಉತ್ತರದ ಲಹೇಜ್ ಕಡೆಯ ನದೀಪಾತ್ರದಲ್ಲಿ ಬಾವಿಗಳನ್ನು ತೋಡಿ ನೀರು ತರಬಹುದೆಂದು ಸಲಹೆ ಕೊಟ್ಟರು. ಊರಿನ ಹೊಲಸು ನೀರು ಸಾಗಿಹೋಗುವ ಯೋಜನೆಯನ್ನೂ ಬರೆದುಕೊಟ್ಟರು. ಹೀಗೆ ಎಲ್ಲಿಗೆ ಹೋದರೂ ಅವರು ನೀರು ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಒಟ್ಟಿಗೆ ನೋಡುತ್ತಿದ್ದರು.

ಮುಂಬಯಿ ಪ್ರಾಂತದಲ್ಲಿ ಭಾರತೀಯನೊಬ್ಬ ಮುಖ್ಯ ಇಂಜಿನಿಯರ್ ಹುದ್ದೆಗೆ ಏರುವುದು ಆಗ ಆಗದ ಮಾತಾಗಿತ್ತು. ವಿಶ್ವೇಶ್ವರಯ್ಯನವರು 1908ರಲ್ಲಿ ಸೇವೆಯಿಂದ ಬಿಡುಗಡೆ ಬಯಸಿ ವಿದೇಶ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಹೈದರಾಬಾದಿನಲ್ಲಿ ಭಾರಿ ಅನಾಹುತ ನಡೆಯಿತು.

ಮೂಸಿಯ ಮಹಾಪ್ರವಾಹ

ವಿಕಾರಾಬಾದಿನ ಹತ್ತಿರ ಅನಂತಗಿರಿ ಗುಡ್ಡಗಳಿವೆ. ಅಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಪಶ್ಚಿಮಕ್ಕೆ ಇಳಿದ ನೀರು ಕಾಗಿಣಾ ಹೊಳೆಯಾಗಿ ತಾಂಡೂರನ್ನು ದಾಟಿ, ರಾಷ್ಟ್ರಕೂಟರ ಮಳಖೇಡವನ್ನು ಮುಟ್ಟಿ, ಭೀಮೆಯನ್ನು ಕೂಡುತ್ತದೆ. ಪೂರ್ವಕ್ಕೆ ಇಳಿದ ನೀರು ಮೂಸಿಯಾಗಿ ಹೈದರಾಬಾದಿಗೆ ಹೋಗುತ್ತದೆ. ಎರಡೂ ಕೊನೆಗೆ ಕೃಷ್ಣೆಯ ಪಾಲು. ಆದ್ದರಿಂದ ಮೂಸಿ ಪರರ ಹೊಳೆಯಲ್ಲ, ನಮ್ಮ ಕಾಗಿಣೆಯ ಒಡಹುಟ್ಟಿದವಳು.

1908ರ ಸೆಪ್ಟೆಂಬರ್ 28ರಂದು ಆ ಹೊಳೆ ಉಕ್ಕಿತು. ಎಡೆಬಿಡದೆ ಸುರಿದ ಮಳೆಗೆ ಮೇಲಿನ ಕೆರೆಗಳು ಒಂದರ ಮೇಲೊಂದು ಒಡೆದವು. ಮೂಸಿ ಮತ್ತು ಅದರ ಉಪನದಿ ಈಸಿಯ ಜಲಾನಯನದಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದುವೆಂದು ಲೆಕ್ಕ. ನೀರು ನಗರದೊಳಗೆ ನುಗ್ಗಿತು. ಸುಮಾರು 15 ಸಾವಿರ ಜನ ಪ್ರಾಣ ಕಳೆದುಕೊಂಡರು. ಸುಮಾರು 19 ಸಾವಿರ ಮನೆಗಳು ನೆಲಕ್ಕೆ ಕುಸಿದವು. ಅಫ್ಜಲ್‌ಗಂಜಿನ ಒಂದು ಹುಣಸೆ ಮರವನ್ನು ಹತ್ತಿ ಕುಳಿತ ನೂರೈವತ್ತು ಜನ ಬದುಕಿ ಉಳಿದರು. ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಹೈದರಾಬಾದಿಗೆ ಹೋದಾಗ ನೋಡಿ ಬನ್ನಿ.

ಸತ್ತವರಲ್ಲಿ ಬಹುಪಾಲು ಜನ ಹೊಳೆಯ ದಂಡೆಯ ತಗ್ಗಿನಲ್ಲಿ ಮನೆ ಮಾಡಿಕೊಂಡಿದ್ದ ಬಡವರು. ಎತ್ತರದ ಜಾಗ ಕೊಳ್ಳಲಾರದವರು ನೀರಿನ ಜಾಗದಲ್ಲಿ ಮನೆ ಕಟ್ಟಿಕೊಳ್ಳುತ್ತಾರೆ. ಹೊಳೆ ತನ್ನ ಜಾಗವನ್ನು ಮರೆಯುವುದಿಲ್ಲ.

ಹೈದರಾಬಾದಿನಲ್ಲಿ ವಿಶ್ವೇಶ್ವರಯ್ಯನವರು

ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. 1909ರ ಏಪ್ರಿಲ್ 15ರಂದು ಅವರು ಹೈದರಾಬಾದಿಗೆ ಬಂದರು. ಆಗ ಅವರಿಗೆ 48 ವರ್ಷ. ಅವರ ಮುಂದೆ ಮೂರು ಕೆಲಸಗಳಿದ್ದವು: ಹಾಳಾದ ನಗರವನ್ನು ಮತ್ತೆ ಕಟ್ಟುವುದಕ್ಕೆ ಸಲಹೆ, ಮುಂದೆ ಇಂಥ ಪ್ರವಾಹ ಬಾರದಂತೆ ಉಪಾಯ, ಮತ್ತು ನಗರಕ್ಕೆ ಒಳಚರಂಡಿಯ ಯೋಜನೆ.

ಸಾಮಾನ್ಯ ಮನುಷ್ಯನಾದರೆ ಬಿದ್ದ ಮನೆಗಳನ್ನು ಬೇಗ ಎಬ್ಬಿಸೋಣವೆಂದು ಹೊರಡುತ್ತಿದ್ದನು. ವಿಶ್ವೇಶ್ವರಯ್ಯನವರು ಮೊದಲು ಮಳೆಯ ಅಂಕಿಗಳನ್ನು ಕೂಡಿಸಿದರು. ಎಲ್ಲಿ ಎಷ್ಟು ಮಳೆ ಬಿತ್ತು, ಯಾವ ಕೆರೆ ಒಡೆಯಿತು, ಹೊಳೆಯಲ್ಲಿ ಎಷ್ಟು ನೀರು ಬಂತು, ನಗರದ ನಡುವಿನ ಪಾತ್ರ ಎಷ್ಟನ್ನು ಹೊರಬಲ್ಲದು ಎಂದು ಅಳೆದರು. ಪಾತ್ರ ಹೊರಲಾರದಷ್ಟು ನೀರನ್ನು ನಗರಕ್ಕೆ ಬರುವ ಮೊದಲೇ ಮೇಲೆ ತಡೆಯಬೇಕು, ತಡೆದದ್ದನ್ನು ಹೊಳೆ ತಾಳುವಷ್ಟೇ ಪ್ರಮಾಣದಲ್ಲಿ ಬಿಡಬೇಕು ಎಂದು ತೀರ್ಮಾನಿಸಿದರು. ಅದಕ್ಕಾಗಿ ಮೂಸಿಗೆ ಒಂದು, ಈಸಿಗೆ ಒಂದು, ಹೀಗೆ ಎರಡು ಜಲಾಶಯಗಳನ್ನು ಸೂಚಿಸಿದರು. ಹೊಳೆಯ ಎರಡೂ ದಂಡೆಗಳನ್ನು ಎತ್ತರಿಸಿ, ಅಲ್ಲಿ ಮನೆಗಳ ಬದಲು ರಸ್ತೆ ಮತ್ತು ತೋಟಗಳನ್ನು ಮಾಡುವಂತೆ ಹೇಳಿದರು. 1909ರ ಅಕ್ಟೋಬರ್ 1ರಂದು, ಅಂದರೆ ಆರು ತಿಂಗಳೊಳಗೆ, ವರದಿ ಸರ್ಕಾರದ ಕೈಸೇರಿತು.

ಆ ಸಲಹೆಯಂತೆ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಎರಡೂ ಜಲಾಶಯಗಳಾದವು. ಗಂಡಿಪೇಟದ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. ಪ್ರವಾಹ ತಡೆಯಲು ಹುಟ್ಟಿದ ಈ ಕೆರೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಈಗ ಉಸ್ಮಾನ್ ಸಾಗರದಲ್ಲಿ ಸುಮಾರು 3.9 ಟಿ.ಎಂ.ಸಿ., ಹಿಮಾಯತ್ ಸಾಗರದಲ್ಲಿ ಸುಮಾರು 2.9 ಟಿ.ಎಂ.ಸಿ. ನೀರು ನಿಲ್ಲಬಲ್ಲದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಕಣ್ಣಿಗೆ ಕಾಣದ ಕೆಲಸ

ಜಲಾಶಯವನ್ನು ಎಲ್ಲರೂ ನೋಡಿ ಹೊಗಳುತ್ತಾರೆ. ನೆಲದೊಳಗಿನ ಮೋರಿಯನ್ನು ಯಾರೂ ನೋಡುವುದಿಲ್ಲ. ಆದರೆ ನಳದಲ್ಲಿ ನೀರು ಹೆಚ್ಚಿದಷ್ಟೂ ಬಚ್ಚಲಿನಲ್ಲಿ ಹೊಲಸು ನೀರು ಹೆಚ್ಚುತ್ತದೆ. ನೀರು ತಂದು ಚರಂಡಿ ಮಾಡದಿದ್ದರೆ ಊರು ಕೆಸರುಗುಂಡಿಯಾಗುತ್ತದೆ. ವಿಶ್ವೇಶ್ವರಯ್ಯನವರು ಇದನ್ನು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ ಪ್ರವಾಹದ ಯೋಜನೆಯ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ಬರೆದರು. 1912ರಲ್ಲಿ ಹೈದರಾಬಾದಿನಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳನ್ನು ತೆರವು ಮಾಡಿ, ಗಾಳಿ ಬೆಳಕಿರುವ ಮನೆಗಳನ್ನು ಕಟ್ಟಿಸುವ ಕೆಲಸವನ್ನು ಅದು ಕೈಗೊಂಡಿತು. 1922ರಲ್ಲಿ ವಿಶ್ವೇಶ್ವರಯ್ಯನವರು ಚರಂಡಿ ಕಾಮಗಾರಿಗೆ ಸಲಹೆ ಕೊಡಲು ಮತ್ತೆ ಹೈದರಾಬಾದಿಗೆ ಬಂದರು. ದಿವಾನರಾಗಿದ್ದವರು ಮೋರಿಯ ಕೆಲಸ ನೋಡಲು ಬಂದರಲ್ಲಾ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯಾವ ಕೆಲಸವೂ ಅವರಿಗೆ ಕೀಳಾಗಿರಲಿಲ್ಲ.

ಒಳಚರಂಡಿಯ ಸೂತ್ರವನ್ನು ಸ್ವಲ್ಪ ತಿಳಿಯೋಣ. ಮನೆಯ ಸಣ್ಣ ಕೊಳವೆ ಬೀದಿಯ ಕೊಳವೆಗೆ, ಬೀದಿಯದು ದೊಡ್ಡ ಕೊಳವೆಗೆ, ಅದು ಊರಿನ ತಗ್ಗಿನ ದಿಕ್ಕಿಗೆ ಸಾಗಬೇಕು. ಇಳಿಜಾರು ಕಡಿಮೆಯಾದರೆ ಹೊಲಸು ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಒಂದೇ ಇಳಿಜಾರಿನಲ್ಲಿ ಕೊಳವೆಯ ವ್ಯಾಸವನ್ನು ಎರಡರಷ್ಟು ಮಾಡಿದರೆ ಅದು ಆರು ಪಟ್ಟಿಗಿಂತಲೂ ಹೆಚ್ಚು ನೀರು ಸಾಗಿಸುತ್ತದೆ. ಆದ್ದರಿಂದ ಮುಂದಾಲೋಚನೆಯಿಂದ ಮೊದಲೇ ದೊಡ್ಡ ಕೊಳವೆ ಹಾಕಿದವನು ಜಾಣ. ಮನೆಗಳಾದ ಮೇಲೆ ಬೀದಿ ಅಗೆದು ಬದಲಿಸುವುದು ಬಹಳ ದುಬಾರಿ. ಕೊಳವೆ ತುಂಬಿದ ಮೇಲೂ ಹೊಸ ಮನೆಗಳನ್ನು ಜೋಡಿಸುತ್ತ ಹೋದರೆ ಹೊಲಸು ಮುಂದಕ್ಕೆ ಹೋಗಲಾರದೆ ತಗ್ಗಿನ ಮನೆಯವರ ಅಂಗಳದಲ್ಲಿ ಉಕ್ಕುತ್ತದೆ. ಹೊಸ ಮನೆಯವನ ಹೊಲಸು ಹಳೆಯ ಮನೆಯವನ ಬಾಗಿಲಿಗೆ ಬರುತ್ತದೆ.

ಹೈದರಾಬಾದಿನ ಒಳಚರಂಡಿ 1931ರ ಹೊತ್ತಿಗೆ ಸಿದ್ಧವಾಯಿತು. ಅದು ಸುಮಾರು 54 ಚದರ ಕಿಲೋಮೀಟರ್ ವಿಸ್ತಾರಕ್ಕೆ, ಸುಮಾರು 5 ಲಕ್ಷ ಜನಕ್ಕೆ ಸಾಕಾಗುವ ವ್ಯವಸ್ಥೆ. ಆ ಕಾಲದ ನಗರಕ್ಕೆ ಅದು ಸರಿಯಾಗಿಯೇ ಇತ್ತು. 1901ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 4 ಲಕ್ಷ 48 ಸಾವಿರ. 2011ರ ಜನಗಣತಿಯ ವೇಳೆಗೆ ಮಹಾನಗರ ಪಾಲಿಕೆಯ ಜನಸಂಖ್ಯೆ 67 ಲಕ್ಷ ದಾಟಿತ್ತು. ಹೊಸ ಕೊಳವೆಗಳು ಮನೆಗಳ ವೇಗಕ್ಕೆ ಸರಿಸಾಟಿಯಾಗಿ ಬರಲಿಲ್ಲ. ಸಾಗಲಾರದ ಹೊಲಸು ಮೂಸಿಯನ್ನೇ ಸೇರಿತು. ಒಂದು ಕಾಲದಲ್ಲಿ ಪ್ರವಾಹದಿಂದ ಜನರನ್ನು ಹೆದರಿಸಿದ ಹೊಳೆ ಇಂದು ವಾಸನೆಯಿಂದ ಮೂಗು ಮುಚ್ಚಿಸುತ್ತದೆ. ಇದಕ್ಕೆ ಹೊಣೆ ಮೊದಲು ಲೆಕ್ಕ ಹಾಕಿದವರಲ್ಲ, ಆ ಮೇಲೆ ಲೆಕ್ಕ ಮರೆತವರು.

ಮೈಸೂರಿನ ಸೇವೆ

1909ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕೆಲಸ ಪ್ರಾರಂಭವಾಯಿತು. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿ ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ ಮುಂತಾದವುಗಳ ಸ್ಥಾಪನೆಗೆ ಕಾರಣರಾದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಅವರ ದುಡಿಮೆಯೇ ತಳಹದಿ. 1915ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿಯನ್ನಿತ್ತಿತು. ಹಿಂದುಳಿದ ವರ್ಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಮೀಸಲಿಡುವ ವಿಚಾರದಲ್ಲಿ ಮಹಾರಾಜರ ಅಭಿಪ್ರಾಯವೇ ಬೇರೆ, ಇವರ ಅಭಿಪ್ರಾಯವೇ ಬೇರೆಯಾಯಿತು. ಇವರು ದಿವಾನಗಿರಿಯನ್ನು ಬಿಟ್ಟುಕೊಟ್ಟರು. ಆ ವಿಚಾರದಲ್ಲಿ ಮಹಾರಾಜರ ದೃಷ್ಟಿಯೇ ದೂರದೃಷ್ಟಿಯೆಂದು ಇಂದು ಅನೇಕರು ತಿಳಿಯುತ್ತಾರೆ. ದೊಡ್ಡವರ ಜೀವನವನ್ನು ಓದುವಾಗ ಇದನ್ನೂ ಮುಚ್ಚಿಡಬಾರದು.

ಬೆಂಗಳೂರಿನ ನೀರಿನ ಕಥೆಯಲ್ಲಿಯೂ ಅವರ ಪಾತ್ರವಿದೆ. ಆ ನಗರಕ್ಕೆ 1896ರಿಂದ ಹೆಸರಘಟ್ಟ ಕೆರೆಯ ನೀರು ಬರುತ್ತಿತ್ತು. ನಗರ ಬೆಳೆದು ಆ ನೀರು ಸಾಲದಾದಾಗ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಅರ್ಕಾವತಿ ಮತ್ತು ಕುಮುದ್ವತಿ ಹೊಳೆಗಳು ಕೂಡುವೆಡೆ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಕಟ್ಟಿದರು. 1933ರಲ್ಲಿ ಅದರ ನೀರು ನಗರಕ್ಕೆ ಬಂತು. ಮುಂದೆ ಆ ಹೊಳೆಗಳ ದಂಡೆಗೆ ಬಡಾವಣೆಗಳೂ ಕಾರ್ಖಾನೆಗಳೂ ಬಂದವು. 2003ರಲ್ಲಿ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ನಿರ್ಬಂಧ ಹೇರಿ ಸರ್ಕಾರ ಆಜ್ಞೆ ಹೊರಡಿಸಿತಾದರೂ ಹೊಲಸು ನೀರು ಜಲಾಶಯ ಸೇರುವುದು ನಿಲ್ಲಲಿಲ್ಲ. 2012ರಲ್ಲಿ ಅಲ್ಲಿಂದ ಕುಡಿಯುವ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು. ಮನೆಗಳಿಗೆ ನೀರು ಕೊಡಲು ಕಟ್ಟಿದ ಜಲಾಶಯವನ್ನು ಮನೆಗಳೇ ಕೆಡಿಸಿದುವೆಂದರೆ ವಿಷಾದದ ಸಂಗತಿಯಲ್ಲವೇ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಬೋರುಗಳು ಬತ್ತಿ, ಎತ್ತರದ ಅಪಾರ್ಟ್‌ಮೆಂಟುಗಳಲ್ಲಿದ್ದವರೂ ಟ್ಯಾಂಕರಿನ ದಾರಿ ಕಾದರು.

ಗಂಡಿಪೇಟದ ಸುತ್ತಲ ಎಂಬತ್ತನಾಲ್ಕು ಹಳ್ಳಿಗಳು

ಇಂಥದೇ ಪ್ರಶ್ನೆ ಹೈದರಾಬಾದಿನಲ್ಲಿಯೂ ಎದ್ದಿತು. ವಿಶ್ವೇಶ್ವರಯ್ಯನವರ ಸಲಹೆಯಿಂದಾದ ಎರಡು ಜಲಾಶಯಗಳಿಗೆ ಹೊಲಸು ಸೇರದಿರಲೆಂದು ಅಂದಿನ ಆಂಧ್ರಪ್ರದೇಶ ಸರ್ಕಾರ 1996ರ ಮಾರ್ಚ್ 8ರಂದು 111ನೆಯ ಸಂಖ್ಯೆಯ ಆಜ್ಞೆ ಹೊರಡಿಸಿತು. ಜಲಾಶಯಗಳ ಅಂಚಿನಿಂದ 10 ಕಿಲೋಮೀಟರ್ ಒಳಗೆ ಹೊಲಸು ಬಿಡುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಕಾಲೊನಿ ಬರಕೂಡದೆಂದು ಅದು ವಿಧಿಸಿತು. 84 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು.

ಆ ಹಳ್ಳಿಗಳ ರೈತರು ಬಹಳ ನೊಂದುಕೊಂಡರು. ಅವರ ಪಕ್ಕದ ಊರುಗಳಲ್ಲಿ ಭೂಮಿಯ ಬೆಲೆ ಆಕಾಶಕ್ಕೇರುತ್ತಿರುವಾಗ ಇವರ ಭೂಮಿಯನ್ನು ಕೇಳುವವರಿರಲಿಲ್ಲ. ಮಗಳ ಮದುವೆಗೆ, ಮಗನ ಓದಿಗೆ ಒಂದೆಕರೆ ಮಾರಲು ಹೊರಟ ರೈತನಿಗೆ ಇದು ಅನ್ಯಾಯವೆಂದು ತೋರುವುದು ಸಹಜ. ಇತ್ತ ನಗರಕ್ಕೆ ಮಂಜೀರಾ, ಕೃಷ್ಣಾ ಮತ್ತು ಗೋದಾವರಿಯ ನೀರು ಬಂದದ್ದರಿಂದ ಆ ಎರಡು ಕೆರೆಗಳನ್ನೇ ನೆಚ್ಚಿಕೊಳ್ಳಬೇಕಾಗಿಲ್ಲವೆಂಬ ವಾದವೂ ಹುಟ್ಟಿತು. 2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ ಕೆಲವು ಷರತ್ತುಗಳೊಡನೆ ಆ ನಿರ್ಬಂಧವನ್ನು ತೆಗೆಯುವ ಆಜ್ಞೆ ಹೊರಡಿಸಿತು. ಪರಿಸರವಾದಿಗಳು ಅದನ್ನು ವಿರೋಧಿಸಿದರು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳು ಮಳೆನೀರಿನಲ್ಲಿ ಮುಳುಗಿದ್ದನ್ನು ಅವರು ನೆನಪಿಸಿದರು.

ರೈತನ ನೋವೂ ನಿಜ, ಕೆರೆಯ ಅಗತ್ಯವೂ ನಿಜ. ಊರಿನ ಎಲ್ಲರಿಗಾಗಿ ಕೆಲವರು ತಮ್ಮ ಭೂಮಿಯ ಬೆಲೆಯನ್ನು ಬಿಟ್ಟುಕೊಡಬೇಕಾದರೆ, ಊರಿನ ಎಲ್ಲರೂ ಆ ಕೆಲವರಿಗೆ ಪರಿಹಾರ ಕೊಡುವುದು ಧರ್ಮ. ಕೆರೆಯನ್ನು ಕೆಡಿಸಿ ನ್ಯಾಯ ಮಾಡಲಾಗದು. ರೈತನನ್ನು ಮರೆತರೂ ನ್ಯಾಯವಾಗದು.

ನಮ್ಮ ಊರಿನ ಮಾತು

ನಮಗೇಕೆ ಈ ಪಟ್ಟಣದ ಪಂಚಾಯಿತಿ ಎಂದು ಪಾಲಕರು ಕೇಳಬಹುದು. 1956ರ ನವೆಂಬರ್ 1ರವರೆಗೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿಯೂ, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯಗಳ ಗಡಿ ಬದಲಾಯಿತು, ಹೊಳೆಗಳ ದಾರಿ ಬದಲಾಗಲಿಲ್ಲ. ಬೀದರಿನ ನೆಲದಲ್ಲಿ ಹರಿದು ನಾರಾಯಣಖೇಡದ ಕಡೆಗೆ ಬರುವ ಮಂಜೀರೆಯ ನೀರು 1965ರಿಂದಲೇ ಹೈದರಾಬಾದಿನ ನಳಗಳಿಗೆ ಹೋಗತೊಡಗಿತು. 1990ರ ದಶಕದಲ್ಲಿ ಸಿಂಗೂರು ಜಲಾಶಯದ ನೀರೂ ಅದಕ್ಕೆ ಕೂಡಿತು. ನಗರವೊಂದು ತನ್ನ ಸುತ್ತಲ ನೀರಿಗಿಂತ ಹೆಚ್ಚು ಬೆಳೆದರೆ ದೂರದ ಊರಿನ ಹೊಳೆಗೆ ಕೈ ಚಾಚುತ್ತದೆ ಎಂಬುದಕ್ಕೆ ನಾವೇ ಸಾಕ್ಷಿ.

ಈಗ ನಮ್ಮ ಕಡೆಯಲ್ಲಿಯೂ ತೊಗರಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡುತ್ತಿದ್ದಾರೆ. ಬಣ್ಣದ ಕಾಗದದಲ್ಲಿ ಅಗಲವಾದ ರಸ್ತೆ, ಹೂವಿನ ತೋಟ ಎಲ್ಲವೂ ಇರುತ್ತವೆ. ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣವನ್ನು ತೊಡಗಿಸುವ ಮೊದಲು ಪಾಲಕರು ಈ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.

ಇದೊಂದು ಸಣ್ಣ ಲೆಕ್ಕ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಇಂಜಿನಿಯರುಗಳು ಎಣಿಸುತ್ತಾರೆ. ಐದು ಜನರ ಮನೆಗೆ 675 ಲೀಟರ್. ನೂರು ಮನೆಗಳ ಒಂದು ಬಡಾವಣೆಗೆ ದಿನಕ್ಕೆ 67,500 ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹೊರಬರುತ್ತದೆ ಎಂದರೆ ದಿನವೂ 54,000 ಲೀಟರ್. ಅದು ಹೋಗಲು ಕೊಳವೆ ಇಲ್ಲದಿದ್ದರೆ ಹಳ್ಳಕ್ಕೆ ಹೋಗುತ್ತದೆ, ಹಳ್ಳದಿಂದ ಕೆರೆಗೆ ಹೋಗುತ್ತದೆ. ಇಂಗುಗುಂಡಿಯೆಂದು ತೋಡಿದ ಸಂಡಾಸಿನ ಗುಂಡಿ ಬೋರಿಗೆ ತೀರ ಹತ್ತಿರವಿದ್ದರೆ ನಾವು ಬಿಟ್ಟದ್ದನ್ನೇ ನಾವು ಕುಡಿದಂತಾಗುತ್ತದೆ. ಇಂದು ಮಿಷನ್ ಭಗೀರಥ ಯೋಜನೆಯಿಂದ ಹಳ್ಳಿಗಳಿಗೂ ನಳದ ನೀರು ಬಂದಿದೆ. ಸಂತೋಷ. ಆದರೆ ನಳ ಬಂದ ಮನೆಗೆ ಮೋರಿಯೂ ಬೇಕು.

ಹಾಗಾದರೆ ಮನೆಗಳೇ ಬೇಡವೇ? ಬಾಡಿಗೆ ಕೊಟ್ಟು ಬೇಸತ್ತವರಿಗೆ, ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವವರಿಗೆ ಹೀಗೆಂದರೆ ಅದು ಕ್ರೌರ್ಯ. ಮನೆ ಎಲ್ಲರಿಗೂ ಬೇಕು. ನೀರಿಲ್ಲವೆಂಬ ನೆವ ಹೇಳಿ ಮೊದಲು ಬಂದವರು ಬಾಗಿಲು ಹಾಕಿಕೊಳ್ಳುವುದೂ ಸರಿಯಲ್ಲ. ಸುಕ್ಕೂರಿನಲ್ಲಿ ಹಣವಿಲ್ಲವೆಂದಾಗ ವಿಶ್ವೇಶ್ವರಯ್ಯನವರು ನೀರು ಕೊಡುವುದಿಲ್ಲ ಎನ್ನಲಿಲ್ಲ, ಬೇರೆ ದಾರಿ ಹುಡುಕಿದರು. ಬಳಸಿದ ನೀರನ್ನು ಶುದ್ಧಿ ಮಾಡಿ ಗಿಡಕ್ಕೆ, ಸಂಡಾಸಿಗೆ ಬಳಸುವುದು, ಛಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸುವುದು, ಸೋರುವ ಕೊಳವೆಗಳನ್ನು ಸರಿಪಡಿಸುವುದು, ಹಳೆಯ ಕೆರೆಯ ಹೂಳೆತ್ತುವುದು, ಇವೆಲ್ಲವೂ ದಾರಿಗಳೇ. ಆದರೆ ಕ್ರಮ ತಪ್ಪಬಾರದು. ಮೊದಲು ನೀರು ಮತ್ತು ಮೋರಿ, ಆ ಮೇಲೆ ಗೋಡೆ. ಕೆರೆಯಂಗಳದಲ್ಲಿ, ಹಳ್ಳದ ಪಾತ್ರದಲ್ಲಿ ಮಾತ್ರ ಎಂದೂ ಮನೆ ಕೂಡದು.

ಕೊನೆಯ ದಿನಗಳು

ವಿಶ್ವೇಶ್ವರಯ್ಯನವರು ಮುಪ್ಪಿನಲ್ಲಿಯೂ ಸುಮ್ಮನೆ ಕೂತವರಲ್ಲ. 1951ರಲ್ಲಿ ತಮ್ಮ ದುಡಿಮೆಯ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರತಂದರು. 1955ರಲ್ಲಿ ಭಾರತ ಸರ್ಕಾರ ಅವರಿಗೆ ಭಾರತರತ್ನ ಪ್ರಶಸ್ತಿ ನೀಡಿತು. 1960ರಲ್ಲಿ ಅವರ ನೂರನೆಯ ವರ್ಷದ ಉತ್ಸವ ಬೆಂಗಳೂರಿನಲ್ಲಿ ನಡೆದಾಗ ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಬಂದಿದ್ದರು. 1962ರ ಏಪ್ರಿಲಿನಲ್ಲಿ ಆ ತುಂಬುಜೀವನ ಮುಗಿಯಿತು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ವಿದ್ಯಾರ್ಥಿಗಳೇ, ಮುಂದಿನ ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕುವುದರ ಜೊತೆಗೆ ಒಂದು ಕೆಲಸ ಮಾಡಿರಿ. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬರುತ್ತದೆ, ಅದು ಯಾವ ಹೊಳೆಯದು ಅಥವಾ ಯಾವ ಬೋರಿನದು ಎಂದು ಬರೆದಿಡಿ. ಬಚ್ಚಲ ನೀರಿನ ಹಿಂದೆಯೇ ನಡೆದು ಹೋಗಿ, ಅದು ಎಲ್ಲಿ ಸೇರುತ್ತದೆಂದು ನೋಡಿ ಬನ್ನಿ. ಎರಡನ್ನೂ ಮನೆಯ ಹಿರಿಯರಿಗೆ ಓದಿ ಹೇಳಿ. ನಿಮ್ಮಲ್ಲಿ ಯಾರೋ ಒಬ್ಬರು ನಾಳೆ ಇಂಜಿನಿಯರ್ ಆಗಬಹುದು, ಇನ್ನೊಬ್ಬರು ಗ್ರಾಮ ಪಂಚಾಯಿತಿಯ ಸದಸ್ಯರಾಗಬಹುದು, ಎಲ್ಲರೂ ಒಂದು ದಿನ ಮನೆ ಕಟ್ಟುವವರೇ. ಆ ದಿನ ತಳಪಾಯದ ಗೆರೆ ಎಳೆಯುವ ಮೊದಲು ಈ ಲೆಕ್ಕದ ಹಾಳೆಯನ್ನು ತೆಗೆದು ನೋಡಿದರೆ, ವಿಶ್ವೇಶ್ವರಯ್ಯನವರ ಜೀವನವನ್ನು ಓದಿದ್ದು ಸಾರ್ಥಕವಾದೀತು.